ಕರೆದರೆ ಏಳುವ ನಿದ್ದೆ

ಬೆಳಗ್ಗೆ ಎದ್ದು ಹಾಲು ಕಾಯಿಸಿದೆ. ನೆನೆಸಿಟ್ಟಿದ್ದ ಹುರುಳಿಯನ್ನು ಕುಕ್ಕರಿಗೆ ಹಾಕಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡುವ ಕೆಲಸವನ್ನು ಸಂಜೆಗೆ ನಮ್ಮವರ ಪಾಲಿಗೆ ಬಿಟ್ಟೆ. ತುಳಸಿಗೆ ನೀರು ಹಾಕಿದೆ. ಇಸ್ತ್ರಿಗೆ ಕೊಡುವ ಬಟ್ಟೆ ಗಂಟು ಕಟ್ಟಿದೆ. ರೊಟ್ಟಿ, ಚಟ್ನಿ ಡಬ್ಬಿಗೆ ತುಂಬಿಕೊಂಡೆ. ಕಾರಿನ ಗಾಜಿನ ಮೇಲೆ ಕೂತಿದ್ದ ಇಬ್ಬನಿಯನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಮದ್ದಿನ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು, ತೀರ್ಥಹಳ್ಳಿ ಬಿಟ್ಟೆ.

ನಾನು ಅರಿವಳಿಕೆ ಕೊಡುವ ಡಾಕ್ಟರು. ನನಗೆ ಸ್ವಂತ ಆಸ್ಪತ್ರೆ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ ಎಂದು ಎಲ್ಲಿ ಆಪರೇಷನ್ ಇದೆಯೋ ಅಲ್ಲಿಗೆ ಹೋಗುತ್ತೇನೆ. ಆ ದಿನ ಸಾಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಂದೇ ಕೇಸು. ಹುಂಚದ ಕಡೆಯ ಒಬ್ಬ ಅಮ್ಮನ ಕಣ್ಣೀರಿನ ಚೀಲದ ಆಪರೇಷನ್.

ಕಣ್ಣಿನ ಒಳಮೂಲೆಯಿಂದ ಮೂಗಿನೊಳಗೆ ಇಳಿಯುವ ಒಂದು ಸಣ್ಣ ನಾಳ ಎಲ್ಲರಿಗೂ ಇರುತ್ತದೆ. ಅದು ಕಟ್ಟಿಕೊಂಡರೆ ಕಣ್ಣೀರು ಇಳಿಯಲು ದಾರಿಯಿಲ್ಲದೆ ಮೂಲೆಯ ಚೀಲದಲ್ಲೇ ನಿಂತು ಕೀವಾಗುತ್ತದೆ. ಈ ಅಮ್ಮನದು ಬಸ್ ಸ್ಟ್ಯಾಂಡಿನ ಪಕ್ಕ ಬಳೆ, ರಿಬ್ಬನ್ನು ಮಾರುವ ಪುಟ್ಟ ಅಂಗಡಿ. ಎಡಗಣ್ಣು ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಹೋಗಿದೆ. ಉಳಿದ ಬಲಗಣ್ಣಿನಿಂದ ಹಗಲಿಡೀ ನೀರು. ಬಳೆ ತೊಡಿಸಿಕೊಳ್ಳಲು ಬಂದವರೆಲ್ಲ ಯಾಕಮ್ಮ ಅಳ್ತೀರಿ ಎಂದು ಕೇಳುತ್ತಿದ್ದರಂತೆ. ಅದೇ ಕಣ್ಣಿಗೆ ಈಗ ಪೊರೆಯೂ ಬಂದು ಬಳೆಯ ಬಣ್ಣ ಗೊತ್ತಾಗುವುದಿಲ್ಲ. ಪೊರೆ ತೆಗೆಯೋಣವೆಂದರೆ ಪಕ್ಕದಲ್ಲೇ ಕೀವಿನ ಚೀಲ. ಅದು ಚೊಕ್ಕಟವಾಗದೆ ಕಣ್ಣನ್ನು ತೆರೆದರೆ, ಇರುವ ಒಂದು ಕಣ್ಣೂ ಹೋಗಬಹುದು. ಆದ್ದರಿಂದ ಮೊದಲು ಮೂಗಿನ ಪಕ್ಕದ ಎಲುಬಿನಲ್ಲಿ ಕಿಂಡಿ ಮಾಡಿ, ಚೀಲವನ್ನು ನೇರವಾಗಿ ಮೂಗಿಗೆ ಜೋಡಿಸಬೇಕು. ಆಮೇಲೆ ಪೊರೆ.

ಒಂದು ಸಲ ಈ ಪ್ರಯತ್ನ ಆಗಿಹೋಗಿತ್ತು. ಆಗ ನಾನಿರಲಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲೇ ಮಾಡೋಣವೆಂದು ಕಣ್ಣಿನ ಸರ್ಜನ್ ಶುರು ಮಾಡಿದ್ದರು. ಸೂಜಿ ಮುಖದ ಹತ್ತಿರ ಬರುತ್ತಲೇ ಅಮ್ಮ ಹೆದರಿ ಕೈ ಬೀಸಿದರು, ಬಿ.ಪಿ. ಮೇಲಕ್ಕೆ ಹಾರಿತು, ಮೂಗಿನಿಂದ ರಕ್ತ ಬಂತು. ಅಲ್ಲಿಗೇ ನಿಲ್ಲಿಸಿ ಮನೆಗೆ ಕಳಿಸಿದರು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಕೂತವರನ್ನು ಅವರ ತಂಗಿ ಪುಸಲಾಯಿಸಿ ಕರೆತಂದಿದ್ದರು. ಇದೂ ತಪ್ಪಿದರೆ ಮೂರನೆಯ ಸಲ ಬರುವವರಲ್ಲ. ಅದು ನಮಗೆಲ್ಲ ಗೊತ್ತಿತ್ತು.

ಹಿಂದಿನ ವಾರ ಹೊಸನಗರಕ್ಕೆ ಬೇರೆ ಕೆಲಸದ ಮೇಲೆ ಹೋದಾಗ ಅಕ್ಕತಂಗಿ ಇಬ್ಬರನ್ನೂ ಅಲ್ಲಿಗೇ ಕರೆಸಿ ಅಮ್ಮನ ತಪಾಸಣೆ ಮಾಡಿದ್ದೆ. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದು ಹಿಡಿತದಲ್ಲಿತ್ತು. ಸಕ್ಕರೆ ಕಾಯಿಲೆ ಇರಲಿಲ್ಲ. ನನ್ನ ಯೋಚನೆ ಹೀಗಿತ್ತು: ಪೂರ್ತಿ ಮಲಗಿಸಿ ಗಂಟಲಿಗೆ ಟ್ಯೂಬ್ ಹಾಕುವುದು ಬೇಡ, ಆಪರೇಷನ್ನಿಗೆ ಮುಂಚೆ ಒಂದು ಮಂಪರಿನ ಮದ್ದನ್ನು ಪಂಪಿನಿಂದ ಹನಿಹನಿಯಾಗಿ ಕೊಡುವುದು. ಡೆಕ್ಸ್ ಎಂದು ನಾವು ಕರೆಯುವ ಆ ಮದ್ದಿನ ಗುಣವೆಂದರೆ, ಅದು ಕೊಡುವುದು ಸಹಜ ನಿದ್ದೆಯಂಥದ್ದೇ. ಉಸಿರು ಕಟ್ಟುವುದಿಲ್ಲ, ಕರೆದರೆ ಕಣ್ಣು ಬಿಟ್ಟು ಉತ್ತರ ಕೊಡುತ್ತಾರೆ, ಬಿಟ್ಟರೆ ಮತ್ತೆ ಜಾರುತ್ತಾರೆ. ನಾಡಿ, ಒತ್ತಡ ಎರಡನ್ನೂ ತಗ್ಗಿಸುವುದರಿಂದ ಮೂಗಿನಲ್ಲಿ ರಕ್ತವೂ ಕಡಿಮೆ. ಅದರ ಮೇಲೆ ಬೇರೆ ಅರಿವಳಿಕೆ ಸ್ವಲ್ಪವೇ ಸಾಕು.

ಹೊಸನಗರದಲ್ಲಿ ಅವರಿಗೆ ಎಲ್ಲರಿಗೂ ಹೇಳುವುದನ್ನೇ ಹೇಳಿದ್ದೆ. ರಾತ್ರಿ ಹತ್ತರ ಮೇಲೆ ಊಟ ಬೇಡ, ಬೆಳಗ್ಗೆ ಆರರವರೆಗೆ ಬರೀ ನೀರು ಕುಡಿಯಬಹುದು, ಬಿ.ಪಿ. ಮಾತ್ರೆಯನ್ನು ಮಾತ್ರ ಒಂದು ಗುಟುಕು ನೀರಿನಲ್ಲಿ ನುಂಗಿ ಬನ್ನಿ.

ಅಮ್ಮ ನಕ್ಕಿದ್ದರು. "ನಾವು ರಾತ್ರಿ ಉಣ್ಣೋದೇ ಇಲ್ಲ ಡಾಕ್ಟ್ರಮ್ಮ. ಹೊತ್ತು ಮುಳುಗಿದ ಮೇಲೆ ನಮ್ಮನೇಲಿ ಒಲೆ ಹಚ್ಚಲ್ಲ."

ಜೈನರ ಮನೆಯ ಪದ್ಧತಿ ನನಗೆ ಗೊತ್ತಿದ್ದದ್ದೇ. ಕದ್ದು ಟೀ ಕುಡಿದು ಬಂದು ಇಲ್ಲ ಎನ್ನುವವರನ್ನು ಎಷ್ಟೋ ನೋಡಿದವಳಿಗೆ ಇಂಥ ಪೇಶಂಟು ಸಿಕ್ಕಿದ್ದೇ ಪುಣ್ಯ ಅನಿಸಿತ್ತು.

ಸಾಗರ ತಲುಪಿದಾಗಲೂ ಚಳಿ ಬಿಟ್ಟಿರಲಿಲ್ಲ. ಅಮ್ಮ ಆಗಲೇ ಹಸಿರು ಗೌನು ತೊಟ್ಟು, ಸ್ವೆಟರನ್ನು ಬಿಡಲೊಲ್ಲದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತುಟಿ ಒಣಗಿತ್ತು. ಮೂಗು ಕಟ್ಟಿಕೊಂಡು ಬಾಯಲ್ಲಿ ಉಸಿರಾಡುವವರಿಗೆ ತುಟಿ ಒಣಗುವುದೇ. ಥಿಯೇಟರಿನ ಸಿಸ್ಟರ್ ಕೈಯಲ್ಲಿ ನರ ಹುಡುಕಿ ಹುಡುಕಿ ಸೋತರು. ಎರಡು ಕಡೆ ಚುಚ್ಚಿದರೂ ಸಿಗಲಿಲ್ಲ. ಚಳಿಗೆ ನರ ಅಡಗಿಕೊಂಡಿದೆ ಎಂದು ಬಿಸಿನೀರಿನ ಬಾಟಲಿ ಇಟ್ಟು ಕಾಯಿಸಿ, ಕೊನೆಗೆ ಮುಂಗೈಯಲ್ಲಿ ಒಂದು ಸಣ್ಣ ಸೂಜಿ ಕೂರಿಸಿದರು. ನಾನು ಕೇಳಬೇಕಾದದ್ದನ್ನು ಕೇಳಿದೆ: ರಾತ್ರಿಯಿಂದ ಏನೂ ತಿಂದಿಲ್ಲ ತಾನೇ? ಇಲ್ಲ ಎಂದರು. ಮಾತ್ರೆ? ಹೊತ್ತು ಹುಟ್ಟಿದ ಮೇಲೆ ನುಂಗಿದೆ ಎಂದರು. ಎಲ್ಲ ಸರಿಯಾಗಿತ್ತು.

ಸರ್ಜನ್ ಮೂಗಿಗೆ ಮದ್ದಿನ ಬತ್ತಿ ತುರುಕಿ ಕೈ ತೊಳೆಯಲು ಹೋದರು. ನಾನು ಪಂಪ್ ಚಾಲೂ ಮಾಡಿದೆ. ಮೊದಲ ಡೋಸನ್ನು ಹತ್ತು ನಿಮಿಷದ ಮೇಲೆ ಹರಡಿ ಕೊಡಬೇಕು. ಅಮ್ಮನ ರೆಪ್ಪೆ ಭಾರವಾಯಿತು, ಸ್ವೆಟರು ಹಿಡಿದಿದ್ದ ಬೆರಳು ಸಡಿಲಾಯಿತು. ನಾಡಿ ಎಪ್ಪತ್ತೆಂಟರಿಂದ ಅರವತ್ತಕ್ಕೆ ಇಳಿಯಿತು. ಇದು ಬೇಕಾದದ್ದೇ. ಐವತ್ತೆರಡು. ಇದೂ ಕಂಡದ್ದೇ. ಅರ್ಧ ಡೋಸೂ ಹೋಗಿರಲಿಲ್ಲ, ನಾಡಿ ನಲವತ್ತನಾಲ್ಕಾಯಿತು. ತೋಳಿನ ಬಿ.ಪಿ. ಪಟ್ಟಿ ಉಬ್ಬಿ ಇಳಿದು ಎಂಬತ್ತೆರಡು ತೋರಿಸಿತು, ನೂರಿಪ್ಪತ್ತರ ಆಸುಪಾಸು ಇರಬೇಕಾದದ್ದು. ಮಿಷನ್ ಸುಳ್ಳು ಹೇಳುತ್ತಿರಬಹುದೆಂದು ಮಣಿಕಟ್ಟಿಗೆ ಬೆರಳಿಟ್ಟೆ. ಕೈ ತಣ್ಣಗಿತ್ತು. ನಾಡಿ ದಾರದ ಎಳೆಯ ಹಾಗೆ ಸಿಕ್ಕಿ ಸಿಕ್ಕಿ ತಪ್ಪುತ್ತಿತ್ತು.

ಪಂಪ್ ನಿಲ್ಲಿಸಿದೆ. ಸಿಸ್ಟರಿಗೆ ಕಾಲು ಎತ್ತಿ ಹಿಡಿಯಲು ಹೇಳಿ, ಸಲೈನನ್ನು ಪೂರ್ತಿ ಬಿಟ್ಟೆ. ನಾಡಿ ಏರಿಸುವ ಅಟ್ರೋಪಿನ್ ಸಿರಿಂಜಿನಲ್ಲಿ ತಯಾರಿತ್ತು. ಅದನ್ನು ಕೊಳವೆಗೆ ಜೋಡಿಸಿ ಹೆಬ್ಬೆರಳು ಇಟ್ಟುಕೊಂಡು ನಿಂತೆ. ಒತ್ತಿದರೆ ನಾಡಿ ಏರುತ್ತದೆ, ನಿಜ. ಎಷ್ಟು ಏರುತ್ತದೆ ಎಂದು ಹೇಳಲು ಬರುವುದಿಲ್ಲ. ಒಮ್ಮೆಲೇ ಒತ್ತಡ ಹಾರಿದರೆ ಹಿಂದಿನ ಸಲದ ಹಾಗೆ ಮೂಗು ತುಂಬ ರಕ್ತ. ಒತ್ತದಿದ್ದರೆ, ನಾಡಿ ಇನ್ನೂ ಇಳಿದರೆ?

ಆಗ ಅವರನ್ನೇ ಕರೆದೆ. "ಅಮ್ಮಾ."

ಕಣ್ಣು ಬಿಟ್ಟರು. "ಹ್ಞೂಂ."

"ಎಲ್ಲಿದ್ದೀರಿ?"

"ಸಾಗ್ರದಲ್ಲಿ. ಆಯ್ತಾ?"

ಮಾತು ಸ್ಪಷ್ಟವಿತ್ತು. ತಲೆಗೆ ರಕ್ತ ಹೋಗುತ್ತಿದೆ ಎನ್ನಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಹೆಬ್ಬೆರಳನ್ನು ಹಾಗೇ ಇಟ್ಟುಕೊಂಡು ಯೋಚಿಸಿದೆ. ಈ ಮದ್ದು ಒತ್ತಡ ಇಳಿಸುತ್ತದೆ, ಬೆಳಗಿನ ಮಾತ್ರೆಯೂ ಸೇರಿತು. ಆದರೆ ಅರ್ಧ ಡೋಸಿಗೇ ಇಷ್ಟು ಬೀಳುವುದು ಮೈಯಲ್ಲಿ ನೀರಿಲ್ಲದವರಿಗೆ, ವಾಂತಿ ಭೇದಿ ಆಗಿ ಬಂದವರಿಗೆ. ಒಣಗಿದ ತುಟಿ, ಸಿಗದ ನರ ಎರಡೂ ಈಗ ಬೇರೆಯಾಗಿ ಕಂಡವು.

"ಅಮ್ಮ, ಕೊನೇಗೆ ಊಟ ಮಾಡಿದ್ದು ಯಾವಾಗ?"

ಕಣ್ಣು ಮತ್ತೆ ಮುಚ್ಚಿತ್ತು. ಕೇಳಿಸಲಿಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ ಉತ್ತರ ಬಂತು. "ನಿನ್ನೆ ನೋಂಪಿ ಅಲ್ದಾ... ಮೊನ್ನೆ ಸಂಜೆ ಉಂಡಿದ್ದು."

"ನೀರು?"

"ನೋಂಪೀಲಿ ಎಂತ ನೀರು ಡಾಕ್ಟ್ರಮ್ಮ."

ಸಿಸ್ಟರ್ ಬಾಗಿಲ ಹೊರಗೆ ಕೂತಿದ್ದ ತಂಗಿಯನ್ನು ಕೇಳಿ ಬಂದರು. ನಿಜ. ಹಿಂದಿನ ದಿನ ಚತುರ್ದಶಿ, ಅವರಲ್ಲಿ ನೋಂಪಿಯ ಉಪವಾಸ ವ್ರತದ ದಿನ. ಸಾಮಾನ್ಯವಾಗಿ ಒಂದು ಹೊತ್ತು ಉಣ್ಣುವ ಅಮ್ಮ, ಈ ಸಲ ಆಪರೇಷನ್ ಸಸೂತ್ರವಾಗಲೆಂದು ನೀರೂ ಇಲ್ಲದ ನೋಂಪಿ ಹಿಡಿದಿದ್ದರು. ಮೊನ್ನೆ ಹೊತ್ತು ಮುಳುಗುವ ಮುಂಚೆ ಉಂಡದ್ದು. ಆಮೇಲೆ ಹೊಟ್ಟೆಗೆ ಹೋದದ್ದು ಇವತ್ತಿನ ಮಾತ್ರೆಯ ಒಂದು ಗುಟುಕು ನೀರು. ಯಾಕೆ ಹೇಳಲಿಲ್ಲ ಎಂದದ್ದಕ್ಕೆ ತಂಗಿ, ನೋಂಪಿ ಹಿಡಿದದ್ದನ್ನು ಯಾರಾದರೂ ಸಾರಿಕೊಂಡು ಬರುತ್ತಾರಾ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿರಿ, ಬಂದಿದ್ದಾರೆ ಎಂದರಂತೆ. ಹೊಟ್ಟೆ ಖಾಲಿಯಿದೆಯೇ ಎಂದು ನಾವು ಕೇಳುತ್ತೇವೆ. ಎಷ್ಟು ಖಾಲಿ ಎಂದು ಕೇಳುವುದಿಲ್ಲ.

ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದೆ. ಅರವತ್ತರ ಹತ್ತಿರವಿತ್ತು. ಗ್ಲೂಕೋಸನ್ನೂ ಸೇರಿಸಿದೆ.

ಅಷ್ಟರಲ್ಲಿ ಸರ್ಜನ್ ತೊಳೆದ ಕೈಯನ್ನು ಎದೆಯ ಮುಂದೆ ಹಿಡಿದುಕೊಂಡು ಬಂದರು. ನನ್ನ ಹೆಬ್ಬೆರಳನ್ನೂ ಮಾನಿಟರನ್ನೂ ನೋಡಿದರು. ಒಳ್ಳೆಯ ಮನುಷ್ಯ, ಕೈ ಚುರುಕು, ಕಾಯುವುದೊಂದು ಬರುವುದಿಲ್ಲ.

"ಪೂರ್ತಿ ಮಲಗಿಸಿ ಟ್ಯೂಬ್ ಹಾಕ್ಬಿಡಿ ಮೇಡಂ. ಆಮೇಲೆ ಎಲ್ಲಾ ನಿಮ್ಮ ಕೈಲೇ ಇರತ್ತಲ್ಲ."

"ನೀರಿಲ್ಲದ ಬಾವಿಗೆ ಮೋಟ್ರು ಹಾಕಿದಂಗಾಗತ್ತೆ ಸರ್. ಇದಕ್ಕೇ ಹಿಂಗೆ ಬಿದ್ದೋರು ಅದಕ್ಕೆ ಇನ್ನೂ ಬೀಳ್ತಾರೆ."

"ಸಾಗರಕ್ಕೆ ಬಂದು ನೀರಿಲ್ಲ ಅಂತೀರಲ್ಲ. ಹಾಗಾದ್ರೆ ಕ್ಯಾನ್ಸಲ್ಲಾ?"

ಸಿಸ್ಟರ್ ನನ್ನ ಮುಖ ನೋಡಿದರು. ಕ್ಯಾನ್ಸಲ್ ಮಾಡುವುದು ನನಗೆ ಸುಲಭ. ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಈ ಅಮ್ಮ ಮನೆಗೆ ಹೋಗಿ, ನೋಂಪಿ ಮಾಡಿದ್ದಕ್ಕೇ ಆಪರೇಷನ್ ನಿಂತಿತು ಎಂಬ ಕೊರಗಿನಲ್ಲಿ ಉಳಿಯುತ್ತಾರೆ. ಚೀಲದಲ್ಲಿ ಕೀವು ಹಾಗೇ ಇರುತ್ತದೆ, ಪೊರೆ ಬೆಳೆಯುತ್ತದೆ, ಅಂಗಡಿ ಬಾಗಿಲು ಹಾಕುತ್ತದೆ. ಇನ್ನೊಂದು ಕಡೆ, ಇದ್ದಂತೆಯೇ ಮುಂದುವರಿದು ಮೇಜಿನ ಮೇಲೆ ಏನಾದರೂ ಆದರೆ, ಕಣ್ಣಿನ ಮಾತೇ ಉಳಿಯುವುದಿಲ್ಲ.

ಕ್ಯಾನ್ಸಲ್ಲೂ ಬೇಡ, ಟ್ಯೂಬೂ ಬೇಡ ಎಂದೆ. ಮೊದಲು ನೀರು ತುಂಬೋಣ. ಒತ್ತಡ ತಾನಾಗಿ ಮೇಲೆ ಬಂದು ನಿಂತರೆ, ದೊಡ್ಡ ಡೋಸು ಬಿಟ್ಟು ಸಣ್ಣ ಹನಿಯಲ್ಲೇ ಮಾಡೋಣ. ಬರದಿದ್ದರೆ ನಾನೇ ಹೊರಗೆ ಹೋಗಿ ಅವರ ತಂಗಿಗೆ ಹೇಳುತ್ತೇನೆ. ಸರ್ಜನ್ ತೊಳೆದ ಕೈಯನ್ನು ಟವೆಲಿಗೆ ಒರೆಸಿ ಕೆಳಗಿಳಿಸಿದರು. ನಾನು ಓಪಿಡಿ ನೋಡ್ತಾ ಇರ್ತೀನಿ, ಬಾವಿ ತುಂಬಿದ ಮೇಲೆ ಕರೀರಿ ಎಂದು ಹೋದರು.

ಕಾಯುವ ಕೆಲಸವನ್ನು ಯಾರೂ ಕೆಲಸ ಅನ್ನುವುದಿಲ್ಲ. ಒಂದು ಬಾಟಲಿ ಇಳಿಯಿತು. ನಾಡಿ ನಲವತ್ತಾರು, ನಲವತ್ತೈದು, ನಲವತ್ತೊಂಬತ್ತು. ಸಿಸ್ಟರ್ ಕಾಲು ಹಿಡಿದು ಹಿಡಿದು ಕೈ ಸೋತು, ಕೊನೆಗೆ ದಿಂಬುಗಳನ್ನು ಪೇರಿಸಿ ಅದರ ಮೇಲಿಟ್ಟರು. ಎರಡನೆಯ ಬಾಟಲಿಯನ್ನು ನಿಧಾನಕ್ಕೆ ಬಿಟ್ಟೆ. ವಯಸ್ಸಾದ ಹೃದಯಕ್ಕೆ ನೀರನ್ನು ಸುರಿಯಬಾರದು. ಆಗಾಗ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದೆ. ನಡುನಡುವೆ ಕರೆದೆ. ಪ್ರತಿ ಸಲವೂ ಹ್ಞೂಂ ಅಂದರು. ಒಂದು ಸಲ, ಎಷ್ಟು ಕರೀತೀರಿ ಮಾರಾಯ್ತಿ, ಮಲಗಕ್ಕೆ ಬಿಡಿ ಅಂದರು. ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಹೊತ್ತಿಗೆ ಕೈ ಬೆಚ್ಚಗಾಗಿತ್ತು. ಪಟ್ಟಿ ಉಬ್ಬಿತು: ನೂರ ಹನ್ನೆರಡು. ಇನ್ನೊಮ್ಮೆ ನೋಡಿದೆ, ಅದೇ. ನಾಡಿ ಅರವತ್ತರ ಮೇಲೆ ನಿಂತಿತು. ಹೆಬ್ಬೆರಳಿನ ಕೆಳಗಿದ್ದ ಸಿರಿಂಜನ್ನು ಬಳಸದೆ ಟ್ರೇಗೆ ಇಟ್ಟೆ. ಬೆರಳು ಮಡಚಿದ ಹಾಗೇ ಉಳಿದಿತ್ತು.

ಸರ್ಜನ್ ಬಂದರು. ಪಂಪನ್ನು ಮತ್ತೆ ಹಚ್ಚಿದೆ, ಮೊದಲಿನ ವೇಗಕ್ಕೆ ಹೋಲಿಸಿದರೆ ಇಬ್ಬನಿ ಬಿದ್ದಷ್ಟು. ಆಮ್ಲಜನಕದ ಸಣ್ಣ ಕೊಳವೆಯನ್ನು ಬಾಯಿಯ ಮೂಲೆಗೆ ಅಂಟಿಸಿದೆ. ಈಗ ಹಿಂದಿನ ಸಲ ಎಲ್ಲ ಕೆಟ್ಟ ಜಾಗ ಬಂತು: ಮೂಗಿನ ಪಕ್ಕ ಮರಗಟ್ಟಿಸುವ ಇಂಜೆಕ್ಷನ್. ಸಿಸ್ಟರ್ ಕೈ ಹಿಡಿದುಕೊಂಡರು. ಸೂಜಿ ಹೋಯಿತು. ಅಮ್ಮ ಹುಬ್ಬು ಗಂಟಿಕ್ಕಿ, ಸೊಳ್ಳೆ ಅಂದರು, ಅಷ್ಟೇ. ಸರ್ಜನ್ ಮಾಸ್ಕಿನ ಮೇಲಿಂದ ನನ್ನ ಕಡೆ ಒಮ್ಮೆ ನೋಡಿದರು.

ಚರ್ಮ ಬಿಡಿಸಿ ಎಲುಬಿಗೆ ಬಂದದ್ದು ಸುಲಭವಾಗಿ ಆಯಿತು. ಎಲುಬನ್ನು ಚೂರು ಚೂರೇ ಕತ್ತರಿಸುವ ಪಂಚಿನ ಸದ್ದು ಅಡಕೊತ್ತಿನಂತೆ ಕಟ್ ಕಟ್ ಎಂದು ಕೇಳುತ್ತದೆ. ನೋವಿರುವುದಿಲ್ಲ. ಸದ್ದು ಮಾತ್ರ ತಲೆಬುರುಡೆಯೊಳಗೇ ಆಗುತ್ತದೆ. ಮೂರನೆಯ ಸಲದ ಸದ್ದಿಗೆ ಅಮ್ಮನ ಕಾಲ್ಬೆರಳು ಅಲ್ಲಾಡಿತು. ನಾಡಿ ತೊಂಬತ್ತಕ್ಕೆ ಏರಿತು. ಪಟ್ಟಿ ನೂರೈವತ್ತೆಂಟು ತೋರಿಸಿತು. ಮೂಗಿನೊಳಗಿನ ಪದರದಿಂದ ರಕ್ತ ಉಕ್ಕಿ ಗುಳಿಯನ್ನು ತುಂಬಿತು.

"ಕಾಣ್ತಿಲ್ಲ ಮೇಡಂ," ಸರ್ಜನ್ ಅಂದರು. ಸಕ್ಷನ್ನಿನ ಕೊಳವೆ ಗೊರಗೊರ ಎನ್ನುತ್ತಿತ್ತು. "ಏನಾದ್ರೂ ಮಾಡಿ. ಕಣ್ಣು ಇಲ್ಲೇ ಪಕ್ಕದಲ್ಲಿದೆ."

ಗಂಟಲಲ್ಲಿ ಟ್ಯೂಬಿಲ್ಲ. ರಕ್ತ ಹಿಂದಕ್ಕೆ ಇಳಿದು ಶ್ವಾಸಕೋಶಕ್ಕೆ ಹೋದರೆ ಅದು ನನ್ನ ನಿರ್ಧಾರದ ಫಲ. ಅಮ್ಮ ಒಮ್ಮೆ ಕೆಮ್ಮಿದರು. ಎಲ್ಲರೂ ಕೈ ನಿಲ್ಲಿಸಿದೆವು. ನಾನು ಬಾಯಿಯ ಮೂಲೆಯಿಂದ ಕೊಳವೆ ಇಳಿಸಿ ಗಂಟಲು ಹೀರಿದೆ. ಮೇಜಿನ ತಲೆಭಾಗ ಏರಿಸಲು ಹೇಳಿದೆ. ಇನ್ನೊಂದು ಕೆಲಸ ಬಾಕಿಯಿತ್ತು, ಅದಕ್ಕೆ ನನ್ನ ಕೈ ಹಿಂಜರಿಯಿತು. ಬೆಳಗ್ಗೆ ಯಾವ ಮದ್ದು ನನ್ನ ಜೀವ ಹಾರಿಸಿತ್ತೋ ಅದನ್ನೇ ಏರಿಸಬೇಕು. ಒತ್ತಡ ಇಳಿಸುವುದಕ್ಕೂ ಅದೇ, ಮಂಪರಿಗೂ ಅದೇ. ಬೆಳಗ್ಗೆ ಬಾವಿ ಬತ್ತಿತ್ತು. ಈಗ ತುಂಬಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬತ್ತಿ ಒತ್ತಿ ಹಿಡಿಯಿರಿ, ನಾನು ಹೇಳುವವರೆಗೆ ತೆಗೆಯಬೇಡಿ ಎಂದು ಸರ್ಜನರಿಗೆ ಹೇಳಿ ಪಂಪಿನ ಗುಂಡಿಯನ್ನು ಎರಡು ಸಲ ಒತ್ತಿದೆ.

ಕಾಯುವುದು ಬಾರದ ಆ ಮನುಷ್ಯ ಬತ್ತಿಯ ಮೇಲೆ ಬೆರಳಿಟ್ಟು ಅಲುಗದೆ ನಿಂತರು. ನಾನು ಅಮ್ಮನ ಕಿವಿಯ ಹತ್ತಿರ ಬಗ್ಗಿ, ಅದು ಬರೀ ಸದ್ದು, ನಿಮಗೆ ಏನೂ ಆಗುವುದಿಲ್ಲ, ಮನಸ್ಸಿನಲ್ಲೇ ಹೇಳಿಕೊಳ್ಳುವುದು ಏನಿದ್ದರೂ ಹೇಳಿಕೊಳ್ಳಿ ಎಂದೆ. ತುಟಿ ಅಲ್ಲಾಡಿತು. ಪಂಚನಮಸ್ಕಾರ ಮಂತ್ರವಿರಬೇಕು. ನಾಡಿ ಎಂಬತ್ತು, ಎಪ್ಪತ್ತೆರಡು, ಅರವತ್ತಾರು. ಅಲ್ಲಿ ನಿಲ್ಲಲಿ ಎಂದು ನಾನೂ ಏನನ್ನೋ ಹೇಳಿಕೊಂಡೆ. ಅಲ್ಲೇ ನಿಂತಿತು. ಒತ್ತಡ ನೂರ ಹದಿನೆಂಟು.

"ತೆಗೀರಿ ಸರ್."

ಬತ್ತಿ ತೆಗೆದಾಗ ಗುಳಿ ಒಣಗಿತ್ತು. ಆಮೇಲೆ ಸರ್ಜನ್ ಕಿಂಡಿ ಮುಗಿಸಿ, ಚೀಲದ ಪದರವನ್ನೂ ಮೂಗಿನ ಪದರವನ್ನೂ ಕೂಡಿಸಿ ಹೊಲಿಗೆ ಹಾಕಿದರು. ಕೊನೆಗೆ ಕಣ್ಣಿನ ಮೂಲೆಯ ಸೂಕ್ಷ್ಮ ರಂಧ್ರಕ್ಕೆ ಮೊಂಡ ಸೂಜಿ ಇಟ್ಟು ಸ್ವಲ್ಪವೇ ಸಲೈನ್ ಬಿಟ್ಟರು. ದಾರಿ ತೆರೆದಿದ್ದರೆ ಅದು ಗಂಟಲಿಗೆ ಬರಬೇಕು.

ಎಲ್ಲರೂ ಅಮ್ಮನ ಗಂಟಲನ್ನೇ ನೋಡುತ್ತಿದ್ದೆವು. ನುಂಗಿದರು. ಕಣ್ಣು ಮುಚ್ಚಿಕೊಂಡೇ ಮುಖ ಸಿಂಡರಿಸಿದರು. "ಉಪ್ಪು," ಅಂದರು.

ವಾರ್ಡಿಗೆ ತಂದ ಮೇಲೆ ಇನ್ನೊಂದು ಗಡುವು ಕಾದಿತ್ತು. ಮಂಪರು ಇಳಿದು, ಮೂಗಿನ ಬತ್ತಿಯ ಮದ್ದಿಗೆ ಮರಗಟ್ಟಿದ ಗಂಟಲು ಸರಿಯಾಗುವ ತನಕ ಬಾಯಿಗೆ ಏನೂ ಕೊಡುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಏನೂ ಮುಟ್ಟುವುದಿಲ್ಲ. ಎರಡರ ನಡುವೆ ಉಣ್ಣಿಸದಿದ್ದರೆ ಇನ್ನೊಂದು ರಾತ್ರಿಯೂ ಉಪವಾಸವೇ. ಡ್ರಿಪ್ ಹಾಕಿದ್ದೀವಲ್ಲ ಎಂದು ಸಿಸ್ಟರ್ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಮಧ್ಯಾಹ್ನವೇ ಹೊರಡಬೇಕಾದವಳು ಉಳಿದೆ. ತಂಗಿ ನರ್ಸಿಂಗ್ ಹೋಮಿನ ಅಡುಗೆಮನೆಯಲ್ಲಿ ತಾವು ತಂದ ಪಾತ್ರೆಯಲ್ಲೇ ಗಂಜಿ ಬೇಯಿಸಿ, ಉಪ್ಪು, ತುಪ್ಪ ಹಾಕಿ ಆರಲು ಇಟ್ಟರು. ನಾನು ಆಗಾಗ ಅಮ್ಮನ ಗಂಟಲು ನೋಡಿದೆ, ಒಂದು ಚಮಚ ನೀರು ನುಂಗಿಸಿ ನೋಡಿದೆ. ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ, ಅಲ್ಲಿಂದ ಗೋಡೆಗೆ ಹತ್ತಿತು. ಅದು ಗೋಡೆಯ ಮೇಲಿರುವಾಗಲೇ ಕುಡಿಯಬಹುದು ಎಂದೆ.

ಅಮ್ಮ ಕೈ ಮುಗಿದು ಕೂತರು. ಲೋಟ ತೆಗೆದುಕೊಳ್ಳಲಿಲ್ಲ.

"ಮಾತ್ರೆ ನೀರು, ನೀವು ಕೊಟ್ಟ ಚಮಚ ನೀರು ಔಷಧದ ಲೆಕ್ಕ. ಪಾರಣೆಗೆ ಮುಂಚೆ ಬಾಯಿಗೆ ಉಪ್ಪುನೀರು ಬಂತಲ್ಲ ಡಾಕ್ಟ್ರಮ್ಮ. ನೋಂಪಿ ಕೆಟ್ಟಂಗಾಯ್ತಾ?"

ತಂಗಿಯೇ ಹೇಳಿದರು. "ನಿನ್ನ ಕಣ್ಣಿಂದ ನಿನ್ನ ಗಂಟ್ಲಿಗೆ ಬಂದಿದ್ದು ಅಕ್ಕ. ಕಣ್ಣೀರು ನುಂಗಿದ್ರೆ ನೋಂಪಿ ಕೆಡ್ತಿದ್ರೆ ಹೆಂಗಸ್ರು ಯಾರಿಗೂ ನೋಂಪಿ ಸಂದಿರ್ತಿರ್ಲಿಲ್ಲ. ಕುಡಿ, ಹೊತ್ತು ಹೋಗ್ತದೆ."

ಅಮ್ಮ ಸ್ವಲ್ಪ ಯೋಚಿಸಿ ಲೋಟ ತೆಗೆದುಕೊಂಡರು. ಮೂಗಿನಲ್ಲಿ ಬತ್ತಿಯಿದ್ದುದರಿಂದ ಒಂದೊಂದು ಗುಟುಕಿಗೂ ನಿಲ್ಲಬೇಕಿತ್ತು. ಸಿಸ್ಟರ್ ಕಿಟಕಿ ನೋಡುತ್ತಾ, ಇನ್ನೂ ಇದೆ, ಇನ್ನೂ ಇದೆ ಎನ್ನುತ್ತಿದ್ದರು. ಗೋಡೆಯ ಬಿಸಿಲು ಹೋಗುವ ಮುಂಚೆ ಲೋಟ ಖಾಲಿಯಾಯಿತು. ಎರಡನೆಯದು ಅರ್ಧವಾಗಿದ್ದಾಗ ಕೆಳಗಿಟ್ಟು, ಸಾಕು ಎಂದರು. ನಾನು ಪೆಟ್ಟಿಗೆ ಮುಚ್ಚಿದೆ.

ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಬೆಳಗಿನ ರೊಟ್ಟಿ ಡಬ್ಬಿಯಲ್ಲಿ ಹಾಗೇ ಉಳಿದಿದ್ದನ್ನು ನೋಡಿ ನಮ್ಮವರು, ನಿಂದೂ ನೋಂಪಿಯಾ ಎಂದರು. ಅವರು ಮಾಡಿದ ಹುರುಳಿ ಸಾರಿಗೆ ಖಾರ ಜಾಸ್ತಿಯಾಗಿತ್ತು. ಅನ್ನ, ಸಾರು, ಒಂದು ಹಪ್ಪಳ. ಎರಡು ಸಲ ಬಡಿಸಿಕೊಂಡೆ. ಕೈ ತೊಳೆದು ಸಾಗರಕ್ಕೆ ಫೋನ್ ಮಾಡಿದೆ. ನಾಡಿ, ಒತ್ತಡ, ಉಸಿರು ಎಲ್ಲ ಚೆನ್ನಾಗಿದೆ, ರಕ್ತವಿಲ್ಲ, ಗಂಜಿ ಕುಡಿದ ಸ್ವಲ್ಪ ಹೊತ್ತಿಗೇ ಮಲಗಿಬಿಟ್ಟರು ಎಂದು ಸಿಸ್ಟರ್ ಹೇಳಿದರು. ಒಮ್ಮೆ ಕರೆದು ನೋಡಲಾ ಎಂದು ಕೇಳಿದರು.

ಬೇಡ, ಮಲಗಲಿ, ಇವತ್ತು ಕರೆದಿದ್ದು ಸಾಕು ಎಂದೆ.